ಯುದ್ಧ ಮಾಡೋರೆಲ್ಲ ಆರ್ಟಿಕಲ್ 51 ಯಾಕೆ ಓದ್ತಾರೆ?

ಎಲ್ಲಾದ್ರೂ ಒಂದು ಯುದ್ಧ ಶುರುವಾಗಿದ್ದೇ ತಡ, ಎಲ್ಲರ ಬಾಯಲ್ಲೂ ಒಂದೇ ಮಾತು. ಈ ಅಂತರರಾಷ್ಟ್ರೀಯ ಕಾನೂನು ಅನ್ನೋದು ಇದ್ಯಾ ಇಲ್ವಾ, ಇದ್ರೆ ಯಾರಿಗೋಸ್ಕರ ಇದೆ, ಬಲ ಇದ್ದೋನು ತನಗೆ ಬೇಕಾದ್ದು ಮಾಡ್ತಾನೆ ವಿಶ್ವಸಂಸ್ಥೆ ಖಂಡನೆ ಮಾಡ್ಕೊಂಡು ಕೂತಿರುತ್ತೆ ಅಂತ. ಈ ಸಿಟ್ಟಲ್ಲಿ ಹುರುಳಿಲ್ಲ ಅಂತ ಹೇಳಕ್ಕಾಗಲ್ಲ. ಆದ್ರೆ ಒಂದ್ಸಲ ಆ ಬಲ ಇದ್ದೋರು ಏನು ಮಾತಾಡ್ತಾರೆ ಅಂತ ಗಮನ ಇಟ್ಟು ಕೇಳಿ ನೋಡಿ. 2001ರ ಅಕ್ಟೋಬರ್ 7ಕ್ಕೆ ಅಫ್ಘಾನಿಸ್ತಾನದ ಮೇಲೆ ಬಾಂಬ್ ಹಾಕೋಕೆ ಶುರು ಮಾಡಿದ ಅಮೆರಿಕ ಅವತ್ತೇ ಭದ್ರತಾ ಮಂಡಳಿಗೆ ಪತ್ರ ಕೊಟ್ಟು, ಇದು ವಿಶ್ವಸಂಸ್ಥೆಯ ಚಾರ್ಟರ್‌ನ, ಅಂದ್ರೆ ಅದರ ಮೂಲ ಒಪ್ಪಂದದ, ಆರ್ಟಿಕಲ್ 51ರ ಪ್ರಕಾರ ನಾವು ಮಾಡ್ತಿರೋ ಆತ್ಮರಕ್ಷಣೆ ಅಂತು. 2014ರಲ್ಲಿ ಸಿರಿಯಾದ ಒಳಗೆ ಐಸಿಸ್ ಮೇಲೆ ದಾಳಿ ಮಾಡಿದಾಗಲೂ ಅದೇ ಪತ್ರ, ಅದೇ 51. 2022ರ ಫೆಬ್ರವರಿ 24ರ ಬೆಳಗ್ಗೆ ಉಕ್ರೇನ್ ಒಳಗೆ ಟ್ಯಾಂಕ್ ನುಗ್ಗಿಸೋವಾಗ ಟಿವಿಯಲ್ಲಿ ಮಾತಾಡಿದ ಪುಟಿನ್ ಕೂಡ ಹೇಳಿದ್ದು 51ರ ಹೆಸರನ್ನೇ.

ನಮಗೆ ಕಾನೂನು ಗಿನೂನು ಏನೂ ಲೆಕ್ಕಕ್ಕಿಲ್ಲ, ಬೇಕು ಅನ್ನಿಸ್ತು ಹೊಡೆದ್ವಿ ಅಂತ ಇವರಲ್ಲಿ ಒಬ್ಬರೂ ಹೇಳಲಿಲ್ಲ. ಯಾಕೆ? ಹೇಳಿದ್ರೆ ತಡೆಯೋರು ಯಾರಿದ್ರು? ದೊಡ್ಡ ದೇಶಗಳ ನಡುವೆ ಕಾನೂನು ಹೇಗೆ ಕೆಲಸ ಮಾಡುತ್ತೆ ಅಂತ ಅರ್ಥ ಮಾಡ್ಕೊಳ್ಳೋಕೆ ಈ ಪ್ರಶ್ನೆನೇ ಸರಿಯಾದ ಬಾಗಿಲು ಅಂತ ನನಗನ್ಸುತ್ತೆ. ಕಾನೂನು ಮುರಿದ್ರಾ ಇಲ್ವಾ ಅನ್ನೋದನ್ನ ಆಮೇಲೆ ನೋಡೋಣ, ಮುರಿಯೋವಾಗ ಏನು ನೆಪ ಕೊಟ್ರು, ಆ ನೆಪ ಮುಂದೆ ಎಲ್ಲಿಗೆ ಹೋಯ್ತು ಅಂತ ಮೊದಲು ನೋಡೋಣ.

ಅದಕ್ಕೂ ಮುಂಚೆ ಸ್ವಲ್ಪ ಅಡಿಪಾಯ. ದೇಶದೊಳಗಿನ ಕಾನೂನು ಅಂದ್ರೆ ಒಂದು ಪಾರ್ಲಿಮೆಂಟ್ ಇರುತ್ತೆ, ಪೊಲೀಸ್ ಇರ್ತಾರೆ, ಕೋರ್ಟು ಕರೆದ್ರೆ ಹೋಗ್ಲೇಬೇಕು. ದೇಶ ದೇಶಗಳ ನಡುವೆ ಈ ಮೂರೂ ಇಲ್ಲ. ಕಾನೂನು ಹುಟ್ಟೋದು ಮುಖ್ಯವಾಗಿ ಎರಡು ದಾರೀಲಿ. ಒಂದು, ದೇಶಗಳು ತಾವಾಗೇ ಸಹಿ ಹಾಕಿ ಒಪ್ಕೊಳ್ಳೋ ಒಪ್ಪಂದಗಳು. ಇನ್ನೊಂದು, ಬರೆದಿರಲಿ ಬಿಡಲಿ ಎಲ್ಲ ದೇಶಗಳೂ ಇದು ನಮ್ಮ ಕರ್ತವ್ಯ ಅಂದ್ಕೊಂಡು ವರ್ಷಾನುಗಟ್ಟಲೆ ನಡೆಸ್ಕೊಂಡು ಬಂದಿರೋ ವಾಡಿಕೆ, ಇದಕ್ಕೂ ಕಾನೂನಿನ ಬಲ ಇದೆ. ಇವೆಲ್ಲದರ ಮಧ್ಯದಲ್ಲಿ ಕೂತಿರೋದು 1945ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಹಿಯಾದ ವಿಶ್ವಸಂಸ್ಥೆಯ ಚಾರ್ಟರ್. ಅದರ ಆರ್ಟಿಕಲ್ 2ರ ನಾಲ್ಕನೇ ಖಂಡ ಹೇಳೋದು, ಯಾವ ದೇಶವೂ ಇನ್ನೊಂದು ದೇಶದ ನೆಲ ಅಥವಾ ಸ್ವಾತಂತ್ರ್ಯದ ವಿರುದ್ಧ ಬಲ ಬಳಸಬಾರದು, ಬಳಸ್ತೀವಿ ಅಂತ ಬೆದರಿಸಲೂ ಬಾರದು. ಇದಕ್ಕೆ ಚಾರ್ಟರ್‌ನಲ್ಲಿ ಇರೋ ವಿನಾಯ್ತಿ ಎರಡೇ: ಭದ್ರತಾ ಮಂಡಳಿ ಅನುಮತಿ ಕೊಡಬೇಕು, ಇಲ್ಲಾಂದ್ರೆ ನಿನ್ನ ಮೇಲೆ ಸಶಸ್ತ್ರ ದಾಳಿ ಆಗಿರಬೇಕು. ಆ ಎರಡನೇದೇ ಆರ್ಟಿಕಲ್ 51. ಮೊದಲನೇ ಬಾಗಿಲಿಗೆ ಐದು ಬೀಗ ಇರೋದ್ರಿಂದ ಎಲ್ಲರೂ ಎರಡನೇ ಬಾಗಿಲಲ್ಲೇ ನುಗ್ತಾರೆ, 51ಕ್ಕೆ ಇಷ್ಟು ಡಿಮ್ಯಾಂಡ್ ಇರೋದು ಅದಕ್ಕೇ.

ಐದು ಬೀಗ ಅಂದ್ರೆ ವಿಟೋ, ಗೊತ್ತಿರೋ ವಿಷಯನೇ. ಭದ್ರತಾ ಮಂಡಳೀಲಿ 15 ಸದಸ್ಯರು, ನಿರ್ಣಯ ಪಾಸಾಗೋಕೆ 9 ಮತ ಬೇಕು, ಆದ್ರೆ ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್ ಈ ಐದರಲ್ಲಿ ಒಬ್ಬರು ಬೇಡ ಅಂದ್ರೂ ಮುಗೀತು. ಇದು ಅನ್ಯಾಯ ಅಂತ ಬಯ್ಯೋದು ಸುಲಭ, ಅನ್ಯಾಯ ಹೌದು ಕೂಡ. ಆದ್ರೆ ಇದನ್ನ ಯಾಕೆ ಇಟ್ರು ಅನ್ನೋದಕ್ಕೆ ಹಿಂದಿನ ಕಥೆ ನೋಡ್ಬೇಕು. ಮೊದಲನೇ ಮಹಾಯುದ್ಧ ಮುಗಿದ ಮೇಲೆ ಮಾಡಿದ ಲೀಗ್ ಆಫ್ ನೇಷನ್ಸ್‌ಗೆ ಅಮೆರಿಕ ಸೇರಲೇ ಇಲ್ಲ, ಚೀನಾದ ಮಂಚೂರಿಯಾವನ್ನ ಆಕ್ರಮಿಸಿದ ವಿಷಯದಲ್ಲಿ ತಪ್ಪು ನಿನ್ನದು ಅಂದಿದ್ದಕ್ಕೆ 1933ರಲ್ಲಿ ಜಪಾನ್ ಎದ್ದು ಹೋಯ್ತು, ಅದೇ ವರ್ಷ ಹಿಟ್ಲರನ ಜರ್ಮನಿ ಹೋಯ್ತು, 1937ರಲ್ಲಿ ಇಟಲಿ ಹೋಯ್ತು, 1939ರಲ್ಲಿ ಫಿನ್‌ಲ್ಯಾಂಡ್ ಮೇಲೆ ದಾಳಿ ಮಾಡಿದ್ದಕ್ಕೆ ಸೋವಿಯತ್ ಒಕ್ಕೂಟವನ್ನ ಲೀಗೇ ಹೊರಗೆ ಹಾಕ್ತು. ಕೊನೆಗೆ ಒಳಗೆ ಉಳಿದೋರಿಗೆ ಯುದ್ಧ ನಿಲ್ಲಿಸೋ ಶಕ್ತಿ ಇರಲಿಲ್ಲ, ಶಕ್ತಿ ಇದ್ದೋರು ಒಳಗಿರಲಿಲ್ಲ. 1945ರಲ್ಲಿ ಕೂತು ಬರೆದೋರ ತಲೆಯಲ್ಲಿ ಇದ್ದಿದ್ದು ಇದೇ ಭಯ. ದೊಡ್ಡೋರು ಎದ್ದು ಹೋಗದ ಹಾಗೆ ಒಳಗೆ ಕಟ್ಟಿಹಾಕ್ಬೇಕು ಅಂದ್ರೆ ಅವರಿಗೆ ಬೇಡ ಅನ್ನೋ ಅಧಿಕಾರ ಕೊಡಲೇಬೇಕಿತ್ತು, ಕೊಟ್ರು. ಪರಿಣಾಮ ಏನು ಅಂದ್ರೆ ಬೇಲಿಯೇ ಎದ್ದು ಹೊಲ ಮೇಯ್ದಾಗ ಕೇಳೋಕೆ ಯಾರೂ ಇಲ್ಲ.

ಒಂದ್ಸಲ ಮಾತ್ರ ಈ ಬೀಗ ತಾನಾಗೇ ತೆರ್ಕೊಂಡಿತ್ತು. 1950ರ ಜೂನ್‌ನಲ್ಲಿ ಉತ್ತರ ಕೊರಿಯಾ ದಕ್ಷಿಣಕ್ಕೆ ನುಗ್ಗಿದಾಗ ಸೋವಿಯತ್ ಪ್ರತಿನಿಧಿ ಮಂಡಳಿಗೇ ಬರ್ತಿರಲಿಲ್ಲ, ಚೀನಾದ ಸೀಟು ಕಮ್ಯುನಿಸ್ಟ್ ಸರ್ಕಾರಕ್ಕೆ ಕೊಟ್ಟಿಲ್ಲ ಅಂತ ಜನವರಿಯಿಂದಲೂ ಬಹಿಷ್ಕಾರ. ಆ ಗ್ಯಾಪಲ್ಲಿ ದಕ್ಷಿಣ ಕೊರಿಯಾಗೆ ಸಹಾಯ ಮಾಡಿ ಅನ್ನೋ ನಿರ್ಣಯ ಪಾಸಾಗಿಹೋಯ್ತು. ಆಗಸ್ಟ್‌ನಲ್ಲಿ ಸೋವಿಯತ್ ವಾಪಸ್ ಬಂತು, ಆ ತಪ್ಪು ಮತ್ತೆ ಮಾಡಲಿಲ್ಲ. ಅದಕ್ಕೆ ಅಮೆರಿಕ ಅದೇ ವರ್ಷ ನವೆಂಬರ್‌ನಲ್ಲಿ ಇನ್ನೊಂದು ದಾರಿ ಹುಡುಕ್ತು: ಮಂಡಳಿ ವಿಟೋದಿಂದ ಸ್ಟಕ್ ಆದ್ರೆ ವಿಷಯ ಸಾಮಾನ್ಯ ಸಭೆಗೆ ಹೋಗಬಹುದು, ಅಲ್ಲಿ ವಿಟೋ ಇಲ್ಲ, ಆದ್ರೆ ಆ ಸಭೆ ಶಿಫಾರಸು ಮಾಡಬಹುದೇ ಹೊರತು ಆದೇಶ ಕೊಡಕ್ಕಾಗಲ್ಲ. ಮಜಾ ಏನಂದ್ರೆ ಸೋವಿಯತ್‌ಗೆ ಅಂತ ಮಾಡಿದ ಈ ದಾರೀಲಿ ಆರೇ ವರ್ಷದಲ್ಲಿ ಸಿಕ್ಕಾಕ್ಕೊಂಡಿದ್ದು ಬ್ರಿಟನ್ ಮತ್ತು ಫ್ರಾನ್ಸ್. 1956ರಲ್ಲಿ ಸೂಯೆಜ್ ಕಾಲುವೆಗೋಸ್ಕರ ಈಜಿಪ್ಟ್ ಮೇಲೆ ಬಿದ್ದು, ಮಂಡಳೀಲಿ ಇಬ್ಬರೂ ವಿಟೋ ಹಾಕಿದ್ರು, ವಿಷಯ ಸಾಮಾನ್ಯ ಸಭೆಗೆ ಹೋಯ್ತು, ಕದನ ವಿರಾಮಕ್ಕೆ ಒತ್ತಡ ಬಂತು, ಅದರ ಹಿಂದೆ ಪೌಂಡ್‌ನ ಕತ್ತು ಹಿಡ್ಕೊಂಡು ಅಮೆರಿಕ ನಿಂತಿತ್ತು, ಇಬ್ಬರೂ ಸೇನೆ ವಾಪಸ್ ಕರ್ಕೊಂಡ್ರು. ಬರೀ ನಿರ್ಣಯದಿಂದ ವಾಪಸ್ ಹೋದ್ರು ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, ದುಡ್ಡಿನ ಒತ್ತಡ ಇಲ್ದಿದ್ರೆ ಅದು ಆಗ್ತಿರಲಿಲ್ಲ.

ಇನ್ನು ಕೋರ್ಟು. ಇಲ್ಲಿ ಪೇಪರ್ ಓದೋರಿಗೆ ಯಾವಾಗ್ಲೂ ಒಂದು ಗೊಂದಲ, ಯಾಕಂದ್ರೆ ನೆದರ್ಲೆಂಡ್ಸ್‌ನ ಹೇಗ್ ಊರಲ್ಲಿ ಎರಡು ಬೇರೆ ಬೇರೆ ಕೋರ್ಟ್ ಇದೆ. ಐಸಿಜೆ ಅಂದ್ರೆ ವಿಶ್ವಸಂಸ್ಥೆಯ ಕೋರ್ಟು, 15 ಜಡ್ಜ್‌ಗಳು, ಅಲ್ಲಿ ದೇಶ ದೇಶದ ಮೇಲೆ ಕೇಸು ಹಾಕುತ್ತೆ. ಐಸಿಸಿ ಅಂದ್ರೆ ಕ್ರಿಮಿನಲ್ ಕೋರ್ಟು, 2002ರಲ್ಲಿ ಶುರುವಾಗಿದ್ದು, ವಿಶ್ವಸಂಸ್ಥೆಯ ಭಾಗ ಅಲ್ಲ, ಅಲ್ಲಿ ವಿಚಾರಣೆ ಆಗೋದು ವ್ಯಕ್ತಿಗಳದ್ದು. ಐಸಿಸಿಗೆ ಅಮೆರಿಕ, ರಷ್ಯಾ, ಚೀನಾ, ಭಾರತ ಯಾರೂ ಸದಸ್ಯರಲ್ಲ. ಐಸಿಜೆಗೆ ವಿಶ್ವಸಂಸ್ಥೆಯ ಎಲ್ಲ ದೇಶಗಳೂ ಸೇರಿವೆ, ಆದ್ರೆ ಸೇರಿದ ಮಾತ್ರಕ್ಕೆ ಕೇಸು ಹಾಕಬಹುದು ಅಂತಲ್ಲ, ಎದುರು ಪಕ್ಷ ಒಪ್ಪಿರಬೇಕು. ಒಪ್ಪಿಗೆ ಅಂದ್ರೆ ಒಂದೋ ಯಾವುದಾದ್ರೂ ಒಪ್ಪಂದದಲ್ಲಿ ಜಗಳ ಬಂದ್ರೆ ಐಸಿಜೆಗೆ ಹೋಗೋಣ ಅಂತ ಮುಂಚೇನೇ ಬರೆದಿರಬೇಕು, ಇಲ್ಲ ಯಾರು ಬೇಕಾದ್ರೂ ನಮ್ಮ ಮೇಲೆ ಕೇಸು ಹಾಕಿ ಅಂತ ಮೊದಲೇ ಒಂದು ಘೋಷಣೆ ಕೊಟ್ಟಿರಬೇಕು. ಐದು ಕಾಯಂ ಸದಸ್ಯರಲ್ಲಿ ಇವತ್ತು ಆ ಥರ ಘೋಷಣೆ ಇಟ್ಕೊಂಡಿರೋದು ಬ್ರಿಟನ್ ಒಂದೇ, ಅದೂ ಷರತ್ತು ಹಾಕಿ. ಫ್ರಾನ್ಸ್ ಪೆಸಿಫಿಕ್ ಸಾಗರದಲ್ಲಿ ಅಣುಪರೀಕ್ಷೆ ಮಾಡ್ತಿದ್ದಿದ್ದಕ್ಕೆ 1973ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲ್ಯಾಂಡ್ ಕೇಸು ಹಾಕಿದ್ವು, ಮರುವರ್ಷ ಫ್ರಾನ್ಸ್ ಘೋಷಣೆ ವಾಪಸ್ ತಗೊಳ್ತು. ಅಮೆರಿಕ ವಾಪಸ್ ತಗೊಂಡ ಕಥೆ ಇನ್ನೂ ಚೆನ್ನಾಗಿದೆ, ಅದನ್ನ ಸ್ವಲ್ಪ ನಿಧಾನಕ್ಕೇ ಹೇಳ್ತೀನಿ.

1984ರ ಶುರುವಿನಲ್ಲಿ ಮಧ್ಯ ಅಮೆರಿಕದ ನಿಕರಾಗ್ವಾ ದೇಶದ ಬಂದರುಗಳಲ್ಲಿ, ಕೊರಿಂಟೋ ಇರಬಹುದು ಪುಯೆರ್ಟೋ ಸ್ಯಾಂಡಿನೋ ಇರಬಹುದು, ನೀರೊಳಗೆ ಮೈನ್‌ಗಳು ಸಿಡಿಯೋಕೆ ಶುರುವಾದ್ವು. ಒಂದು ಸೋವಿಯತ್ ಟ್ಯಾಂಕರ್ ಸೇರಿ ಹಲವು ದೇಶಗಳ ಹಡಗುಗಳಿಗೆ ಹಾನಿ ಆಯ್ತು. ಅಲ್ಲಿದ್ದ ಎಡಪಂಥೀಯ ಸ್ಯಾಂಡಿನಿಸ್ಟಾ ಸರ್ಕಾರವನ್ನ ಕೆಡವೋಕೆ ಅಮೆರಿಕದ ಅಧ್ಯಕ್ಷ ರೇಗನ್ ಆಡಳಿತ ಕಾಂಟ್ರಾ ಅನ್ನೋ ಬಂಡುಕೋರರಿಗೆ ದುಡ್ಡು, ಆಯುಧ, ತರಬೇತಿ ಎಲ್ಲ ಕೊಡ್ತಿತ್ತು, ಮೈನ್ ಹಾಕಿಸಿದ್ದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ. ಇದು ಹೊರಗೆ ಬಂದಾಗ ಅಮೆರಿಕದ ಒಳಗೇ ಗಲಾಟೆ ಆಯ್ತು, ರೇಗನ್ ಪಕ್ಷದವರೇ ಆದ ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ ಸಿಐಎ ಮುಖ್ಯಸ್ಥರಿಗೆ ಕೆಂಡಾಮಂಡಲ ಆಗಿ ಪತ್ರ ಬರೆದು, ಇದು ಅಂತರರಾಷ್ಟ್ರೀಯ ಕಾನೂನಿನ ಉಲ್ಲಂಘನೆ ಅಂದ್ರು. ಏಪ್ರಿಲ್ 9ಕ್ಕೆ ನಿಕರಾಗ್ವಾ ಹೇಗ್‌ಗೆ ಹೋಗಿ ಕೇಸು ಹಾಕ್ತು. ಕೇಸು ಬರುತ್ತೆ ಅಂತ ವಾಸನೆ ಹಿಡಿದಿದ್ದ ಅಮೆರಿಕ ಮೂರು ದಿನ ಮುಂಚೆ, ಏಪ್ರಿಲ್ 6ಕ್ಕೆ, ನಮ್ಮ ಘೋಷಣೆ ಇನ್ಮೇಲೆ ಎರಡು ವರ್ಷ ಮಧ್ಯ ಅಮೆರಿಕದ ಜಗಳಗಳಿಗೆ ಅನ್ವಯ ಆಗಲ್ಲ ಅಂತ ಒಂದು ಪತ್ರ ಕೊಟ್ಟಿತ್ತು. ಕೋರ್ಟು ಅದನ್ನ ಒಪ್ಪಲಿಲ್ಲ, ಬದಲಾಯಿಸೋಕೆ ಆರು ತಿಂಗಳ ನೋಟಿಸ್ ಕೊಡ್ತೀನಿ ಅಂತ ನೀವೇ 1946ರಲ್ಲಿ ಬರ್ಕೊಟ್ಟಿದ್ದೀರಲ್ಲ ಅಂತು.

ನಿಕರಾಗ್ವಾ ಪರ ವಾದ ಮಾಡೋಕೆ ಬಂದೋರಲ್ಲಿ ಒಬ್ಬರು ಏಬ್ರಾಂ ಚೇಯ್ಸ್, ಹಾರ್ವರ್ಡ್ ಪ್ರೊಫೆಸರ್, ಕೆನಡಿ ಕಾಲದಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಗೇ ಕಾನೂನು ಸಲಹೆಗಾರರಾಗಿದ್ದೋರು. ಅವರೇ ಎದುರಿಗೆ ನಿಂತಾಗ ಅಮೆರಿಕಕ್ಕೆ ಎಷ್ಟು ಕಿರಿಕಿರಿ ಆಗಿರಬೇಡ! 1984ರ ನವೆಂಬರ್‌ನಲ್ಲಿ ಕೋರ್ಟು ಈ ಕೇಸು ಕೇಳೋ ಅಧಿಕಾರ ನಮಗಿದೆ ಅಂದ ಮೇಲೆ ಅಮೆರಿಕ ಮುಂದಿನ ಜನವರೀಲಿ ನಾವು ಬರಲ್ಲ ಅಂತ ಎದ್ದು ಹೋಯ್ತು, ಅಕ್ಟೋಬರ್‌ನಲ್ಲಿ ಘೋಷಣೆಯನ್ನೇ ರದ್ದು ಮಾಡ್ತು. ಖಾಲಿ ಕುರ್ಚಿ ಎದುರಿಗೇ ವಿಚಾರಣೆ ನಡೆದು 1986ರ ಜೂನ್ 27ಕ್ಕೆ ತೀರ್ಪು ಬಂತು, ಆಗ ಕೋರ್ಟಿನ ಅಧ್ಯಕ್ಷರಾಗಿದ್ದಿದ್ದು ಭಾರತದ ನಾಗೇಂದ್ರ ಸಿಂಗ್. ಮುಖ್ಯ ಅಂಶಗಳಲ್ಲಿ 12ಕ್ಕೆ 3ರ ಬಹುಮತದಲ್ಲಿ ಅಮೆರಿಕ ತಪ್ಪು ಮಾಡಿದೆ, ಪರಿಹಾರ ಕೊಡಬೇಕು ಅಂತ.

ಅಮೆರಿಕದ ನೆಪ ಏನಿತ್ತು? ಅದೇ, ಆತ್ಮರಕ್ಷಣೆ. ತನ್ನದಲ್ಲ, ಪಕ್ಕದ ಎಲ್ ಸಾಲ್ವಡಾರ್‌ನ ಆತ್ಮರಕ್ಷಣೆ. ನಿಕರಾಗ್ವಾ ಅಲ್ಲಿನ ಬಂಡುಕೋರರಿಗೆ ಆಯುಧ ಕಳಿಸ್ತಿದೆ, ಅದು ದಾಳಿಗೆ ಸಮ, ನಾವು ಗೆಳೆಯನಿಗೆ ಸಹಾಯ ಮಾಡ್ತಿದ್ದೀವಿ ಅಂತ. ಕೋರ್ಟು ಈ ವಾದದ ಎಳೆ ಎಳೆ ಬಿಡಿಸಿಟ್ತು. ಆಯುಧ ಕೊಡೋದು ತಪ್ಪಿರಬಹುದು ಆದ್ರೆ ಅದು 51 ಹೇಳೋ ಸಶಸ್ತ್ರ ದಾಳಿ ಅಲ್ಲ, ಮತ್ತೆ ದಾಳಿಗೆ ಒಳಗಾದ ದೇಶವೇ ನನ್ನ ಮೇಲೆ ದಾಳಿ ಆಗಿದೆ ಬನ್ನಿ ಅಂತ ಕರೀಬೇಕು, ಎಲ್ ಸಾಲ್ವಡಾರ್ ಆ ಹೊತ್ತಿಗೆ ಹಾಗೆ ಕರೆದೇ ಇರಲಿಲ್ಲ.

ಈ ತೀರ್ಪಿನ 186ನೇ ಪ್ಯಾರಾ ಇದೆಯಲ್ಲ, ಈ ಇಡೀ ಸಬ್ಜೆಕ್ಟ್‌ನಲ್ಲಿ ನನಗೆ ತುಂಬಾ ಇಷ್ಟ ಆಗೋ ಜಾಗ ಅದು. ಇಷ್ಟೆಲ್ಲ ದೇಶಗಳು ಮುರೀತಾ ಇರೋ ನಿಯಮಕ್ಕೆ ವಾಡಿಕೆ ಅಂತ ಹೇಗೆ ಹೇಳೋದು ಅನ್ನೋ ಪ್ರಶ್ನೆ ಅಲ್ಲಿ ಬರುತ್ತೆ. ಕೋರ್ಟಿನ ಉತ್ತರ ಹೆಚ್ಚೂ ಕಮ್ಮಿ ಹೀಗೆ: ಒಂದು ದೇಶ ನಿಯಮಕ್ಕೆ ವಿರುದ್ಧವಾಗಿ ನಡ್ಕೊಂಡು, ಆಮೇಲೆ ಅದೇ ನಿಯಮದ ವಿನಾಯ್ತಿಯೊಳಗೆ ನಾನು ಬರ್ತೀನಿ ಅಂತ ಸಮರ್ಥನೆ ಮಾಡ್ಕೊಂಡ್ರೆ, ಆ ಸಮರ್ಥನೆ ನಿಜವೋ ಸುಳ್ಳೋ, ನಿಯಮ ಇದೆ ಅಂತ ಅದೇ ಒಪ್ಕೊಂಡ ಹಾಗಾಯ್ತು. ಅಂದ್ರೆ ನೆಪ ಹೇಳೋನು ಕಾನೂನಿಗೆ ತಲೆ ಬಾಗಿಸಿದ್ದಾನೆ, ಅವನಿಗೆ ಇಷ್ಟ ಇರಲಿ ಇಲ್ಲದಿರಲಿ.

ಓದೋಕೆ ಚೆನ್ನಾಗಿದೆ ಸರಿ, ನಿಕರಾಗ್ವಾಗೆ ಏನು ಸಿಕ್ತು? ತೀರ್ಪು ಜಾರಿ ಮಾಡಿಸಿ ಅಂತ ಕೇಳಬೇಕಾದ್ದು ಭದ್ರತಾ ಮಂಡಳಿಯನ್ನ, ಚಾರ್ಟರ್‌ನಲ್ಲೇ ಹಾಗಿದೆ. ನಿಕರಾಗ್ವಾ ಹೋಯ್ತು, ಅಕ್ಟೋಬರ್‌ನಲ್ಲಿ 11 ದೇಶ ಪರ, 3 ತಟಸ್ಥ, ವಿರುದ್ಧ ಒಂದೇ ಒಂದು. ಆ ಒಂದು ಯಾರದು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಒಂದು ರೂಪಾಯಿ ಪರಿಹಾರನೂ ಬರಲಿಲ್ಲ, 1990ರ ಚುನಾವಣೇಲಿ ಸ್ಯಾಂಡಿನಿಸ್ಟಾಗಳು ಸೋತು ಅಮೆರಿಕಕ್ಕೆ ಹತ್ತಿರದ ವಯೋಲೆಟಾ ಚಾಮೊರೊ ಬಂದ್ರು, 1991ರಲ್ಲಿ ಕೇಸು ವಾಪಸ್. ಆದ್ರೂ ಅಂದಿನಿಂದ ಯಾರು 51 ಅಂದ್ರೂ ಎದುರಿಗಿರೋ ವಕೀಲರು ಮೊದಲು ತೆಗೆಯೋದು ಇದೇ ತೀರ್ಪು. ಇದು ಗೆಲುವಾ ಸೋಲಾ ಅಂತ ಕೇಳಿದ್ರೆ ನಿಕರಾಗ್ವಾಗೆ ಸೋಲು, ನಿಕರಾಗ್ವಾ ಆದ ಮೇಲೆ ಬಂದೋರಿಗೆ ಒಂದು ಆಯುಧ.

ಈಗ 186ನೇ ಪ್ಯಾರಾದ ಇನ್ನೊಂದು ಮುಖ, ಕೋರ್ಟು ಇದನ್ನ ಅಷ್ಟು ಒತ್ತಿ ಹೇಳಲಿಲ್ಲ ಅನ್ನೋದು ನನ್ನ ತಕರಾರು. ನೆಪ ಕಾನೂನನ್ನ ಒಪ್ಕೊಳ್ಳುತ್ತೆ ನಿಜ, ಆದ್ರೆ ಅದೇ ನೆಪ ಕಾನೂನಲ್ಲಿ ಒಂದು ತೂತು ಕೊರೆದು ಹೋಗುತ್ತೆ, ಆ ತೂತಲ್ಲಿ ನಾಳೆ ಇನ್ನೊಬ್ಬ ನುಗ್ತಾನೆ. 1999ರಲ್ಲಿ, ಆಗ ಸರ್ಬಿಯಾದ ಭಾಗವಾಗಿದ್ದ ಕೊಸೊವೊದಲ್ಲಿ ಆಲ್ಬೇನಿಯನ್ನರ ಮೇಲೆ ಸರ್ಬಿಯಾ ನಡೆಸ್ತಿದ್ದ ದೌರ್ಜನ್ಯ ನಿಲ್ಲಿಸೋಕೆ ಅಂತ ಅಮೆರಿಕ ನೇತೃತ್ವದ ಸೇನಾ ಕೂಟ ನ್ಯಾಟೋ ಬಾಂಬ್ ಹಾಕ್ತು, ಭದ್ರತಾ ಮಂಡಳಿಯ ಅನುಮತಿ ಇರಲಿಲ್ಲ, ರಷ್ಯಾ ವಿಟೋ ಹಾಕೋದು ಗ್ಯಾರಂಟಿ ಅಂತ ಕೇಳಲೂ ಇಲ್ಲ. ಇದು ವಿಶೇಷ ಸಂದರ್ಭ, ಬೇರೆಯೋರಿಗೆ ಮಾದರಿ ಅಲ್ಲ ಅಂತ ಪಶ್ಚಿಮದ ದೇಶಗಳು ಹೇಳ್ತಾನೇ ಬಂದ್ವು. 2008ರಲ್ಲಿ ಕೊಸೊವೊ ಸ್ವಾತಂತ್ರ್ಯ ಘೋಷಿಸ್ತು, ಸರ್ಬಿಯಾ ಐಸಿಜೆಯ ಅಭಿಪ್ರಾಯ ಕೇಳಿಸ್ತು, ಆಗ ಅಮೆರಿಕ 2009ರ ಏಪ್ರಿಲ್ 17ಕ್ಕೆ ಸಲ್ಲಿಸಿದ ಲಿಖಿತ ಹೇಳಿಕೇಲಿ, ಸ್ವಾತಂತ್ರ್ಯ ಘೋಷಣೆಗಳು ದೇಶದ ಒಳಗಿನ ಕಾನೂನನ್ನ ಮುರೀಬಹುದು, ಹಾಗಂತ ಅಂತರರಾಷ್ಟ್ರೀಯ ಕಾನೂನನ್ನ ಮುರಿದ ಹಾಗಲ್ಲ ಅಂತ ಬರೀತು. 2010ರಲ್ಲಿ ಕೋರ್ಟು 10ಕ್ಕೆ 4ರಲ್ಲಿ, ಆ ಘೋಷಣೆ ಕಾನೂನು ಉಲ್ಲಂಘನೆ ಅಲ್ಲ ಅಂತು.

2014ರ ಮಾರ್ಚ್ 18. ಉಕ್ರೇನ್‌ನ ಕ್ರೈಮಿಯಾವನ್ನ ರಷ್ಯಾಗೆ ಸೇರಿಸ್ಕೊಳ್ಳೋ ದಿನ ಕ್ರೆಮ್ಲಿನ್‌ನಲ್ಲಿ ಪುಟಿನ್ ಭಾಷಣ. ಅಮೆರಿಕದ ಆ ಲಿಖಿತ ಹೇಳಿಕೆಯನ್ನ ತಾರೀಖು ಸಮೇತ ತೆಗೆದು ಸಾಲು ಸಾಲಾಗಿ ಓದಿದ್ರು! ನೀವೇ ಬರೆದಿದ್ದೀರಿ, ಈಗ ಯಾಕೆ ಕೂಗಾಡ್ತೀರಿ ಅನ್ನೋ ಧಾಟಿ. ಅವರು ಓದದೆ ಬಿಟ್ಟಿದ್ದೂ ಇದೆ: ಅದೇ 2010ರ ಅಭಿಪ್ರಾಯದಲ್ಲಿ ಕೋರ್ಟು, ಅಕ್ರಮವಾಗಿ ಸೇನಾಬಲ ಬಳಸಿ ಹುಟ್ಟಿದ ಘೋಷಣೆಗಳ ಲೆಕ್ಕ ಬೇರೆ, ಟರ್ಕಿ ಸೇನೆ ಹಿಡಿತದಲ್ಲಿರೋ ಉತ್ತರ ಸೈಪ್ರಸ್ ಥರದ್ದು ಖಂಡನೆಗೆ ಒಳಗಾಗಿರೋದು ಅದಕ್ಕೇ ಅಂತ ಸ್ಪಷ್ಟವಾಗಿ ಹೇಳಿತ್ತು. ಕ್ರೈಮಿಯಾದಲ್ಲಿ ಚಿಹ್ನೆ ಇಲ್ಲದ ಸಮವಸ್ತ್ರದ ರಷ್ಯನ್ ಸೈನಿಕರು ಮೊದಲೇ ರಸ್ತೆಯಲ್ಲಿ ನಿಂತಿದ್ರು. ಎಂಟು ವರ್ಷ ಆದ ಮೇಲೆ ಪೂರ್ತಿ ಯುದ್ಧಕ್ಕೆ ಹೋಗೋವಾಗಲೂ ನೆಪದ ಮಾದರಿ ಅದೇ, ಪೂರ್ವ ಉಕ್ರೇನ್‌ನ ಡಾನ್‌ಬಾಸ್‌ನಲ್ಲಿ ನರಮೇಧ ಆಗ್ತಿದೆ ನಾವು ಉಳಿಸೋಕೆ ಬಂದಿದ್ದೀವಿ, ಡೊನೆಟ್ಸ್ಕ್ ಲುಹಾನ್ಸ್ಕ್ ಅನ್ನೋ ಎರಡು ಹೊಸ ಗಣರಾಜ್ಯಗಳು ನಮ್ಮನ್ನ ಕರೆದಿವೆ ಅಂತ. ಆ ಗಣರಾಜ್ಯಗಳಿಗೆ ರಷ್ಯಾ ಮಾನ್ಯತೆ ಕೊಟ್ಟಿದ್ದು ಮೂರು ದಿನ ಮುಂಚೆ.

ಉಕ್ರೇನ್‌ನ ವಕೀಲರು ಇಲ್ಲಿ ಒಂದು ಜಾಣತನ ಮಾಡಿದ್ರು. ದಾಳಿ ಮಾಡಿದ್ದಾರೆ ಅಂತ ನೇರವಾಗಿ ಐಸಿಜೆಗೆ ಹೋಗೋಕೆ ರಷ್ಯಾದ ಒಪ್ಪಿಗೆ ಇಲ್ಲ, ಆದ್ರೆ 1948ರ ನರಮೇಧ ತಡೆ ಒಪ್ಪಂದಕ್ಕೆ ಎರಡೂ ದೇಶ ಸಹಿ ಹಾಕಿವೆ, ಅದರಲ್ಲಿ ಜಗಳ ಬಂದ್ರೆ ಐಸಿಜೆ ಅಂತಿದೆ. ಸೋ ಫೆಬ್ರವರಿ 26ಕ್ಕೆ, ಯುದ್ಧ ಶುರುವಾದ ಮೂರನೇ ದಿನ, ನಾವು ನರಮೇಧ ಮಾಡ್ತಿದ್ದೀವಿ ಅಂತ ರಷ್ಯಾ ಸುಳ್ಳು ಹೇಳ್ತಿದೆ, ಮಾಡಿಲ್ಲ ಅಂತ ತೀರ್ಪು ಕೊಡಿ ಅಂತ ಕೇಸು. ನೆಪವನ್ನೇ ಹಿಡಿದು ಕೋರ್ಟಿಗೆ ಎಳೆದ್ರು. ಮಾರ್ಚ್ 16ಕ್ಕೆ ಕೋರ್ಟು 13ಕ್ಕೆ 2ರಲ್ಲಿ ಸೇನಾ ಕಾರ್ಯಾಚರಣೆ ನಿಲ್ಲಿಸಿ ಅಂತ ಮಧ್ಯಂತರ ಆದೇಶ ಕೊಡ್ತು, ವಿರುದ್ಧ ಹಾಕಿದ ಇಬ್ಬರು ರಷ್ಯಾದ ಮತ್ತು ಚೀನಾದ ಜಡ್ಜ್‌ಗಳು. ರಷ್ಯಾ ನಿಲ್ಲಿಸಲಿಲ್ಲ. 2024ರ ಫೆಬ್ರವರೀಲಿ ಕೋರ್ಟೇ ಸ್ವಲ್ಪ ಹಿಂದೆ ಸರಿದು, ಉಕ್ರೇನ್ ನರಮೇಧ ಮಾಡಿದೆಯಾ ಇಲ್ವಾ ಅನ್ನೋದನ್ನ ನೋಡಬಹುದು, ರಷ್ಯಾ ಬಲ ಬಳಸಿದ್ದು ಸರಿಯಾ ಅನ್ನೋದು ಈ ಒಪ್ಪಂದದ ವ್ಯಾಪ್ತಿಗೆ ಬರಲ್ಲ ಅಂತು. ಅಷ್ಟೊತ್ತಿಗೆ ಯುದ್ಧಕ್ಕೆ ಎರಡು ವರ್ಷ.

ಇರಾಕ್ ಬಗ್ಗೆ ಎರಡೇ ಮಾತು, ಯಾಕಂದ್ರೆ ಅದು ಎಲ್ಲರಿಗೂ ಗೊತ್ತಿರೋದು. 2003ರಲ್ಲಿ ಅಮೆರಿಕ ಬ್ರಿಟನ್ ಕೊಟ್ಟ ಮುಖ್ಯ ನೆಪ 51 ಅಲ್ಲ, 1990ರಲ್ಲಿ ಕುವೈತ್ ಬಿಡಿಸೋಕೆ ಪಾಸಾಗಿದ್ದ 678ನೇ ನಿರ್ಣಯ ಇನ್ನೂ ಜೀವಂತ ಇದೆ ಅಂತ ಹನ್ನೆರಡು ವರ್ಷ ಹಳೇ ಅನುಮತಿಗೆ ಮತ್ತೆ ಜೀವ ತುಂಬಿದ್ರು. ಬ್ರಿಟನ್ ವಿದೇಶಾಂಗ ಕಚೇರಿಯ ಕಾನೂನು ಅಧಿಕಾರಿ ಎಲಿಜಬೆತ್ ವಿಲ್ಮ್‌ಸ್‌ಹರ್ಸ್ಟ್ ಇದನ್ನ ಒಪ್ಪದೆ ರಾಜೀನಾಮೆ ಕೊಟ್ಟು ಹೋದ್ರು, ಮುಂದಿನ ವರ್ಷ ಆಗಿನ ವಿಶ್ವಸಂಸ್ಥೆ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಕೂಡ ಅದು ಅಕ್ರಮ ಅಂತ ಬಾಯಿಬಿಟ್ಟು ಹೇಳಿದ್ರು.

ಇಷ್ಟು ಓದಿದ ಮೇಲೆ ಹಾಗಾದ್ರೆ ಎಲ್ಲ ಬರೀ ನಾಟಕ ಅನ್ನಿಸಬಹುದು. ಆದ್ರೆ ಯುದ್ಧ ಅನ್ನೋದು ಕಾನೂನಿನ ಅತೀ ಕಷ್ಟದ ಮೂಲೆ. ಬೇರೆ ಕಡೆ ದೊಡ್ಡೋರೂ ಬಗ್ತಾರೆ, ಬಗ್ಗೋ ರೀತಿ ನೋಡೋಕೆ ಮಜಾ. 2002ರಲ್ಲಿ ಬುಷ್ ಹೊರಗಿನ ಉಕ್ಕಿನ ಮೇಲೆ 30 ಪರ್ಸೆಂಟ್ ತನಕ ಸುಂಕ ಹಾಕಿದ್ರು, ವಿಶ್ವ ವ್ಯಾಪಾರ ಸಂಸ್ಥೆ ಡಬ್ಲ್ಯುಟಿಒದಲ್ಲಿ ಕೇಸು ನಡೆದು 2003ರ ನವೆಂಬರ್‌ನಲ್ಲಿ ಅಮೆರಿಕ ಸೋತಿತು. ಡಬ್ಲ್ಯುಟಿಒಗೆ ಪೊಲೀಸ್ ಇಲ್ಲ, ಆದ್ರೆ ಗೆದ್ದೋರಿಗೆ ನೀವೂ ತಿರುಗಿ ಸುಂಕ ಹಾಕಿ ಅನ್ನೋ ಅನುಮತಿ ಸಿಗುತ್ತೆ. ಯುರೋಪಿಯನ್ ಯೂನಿಯನ್ 220 ಕೋಟಿ ಡಾಲರ್‌ನ ಒಂದು ಪಟ್ಟಿ ರೆಡಿ ಇಟ್ಟಿತ್ತು, ಅದರಲ್ಲಿ ಫ್ಲೋರಿಡಾದ ಕಿತ್ತಳೆ ಇತ್ತು. ಯಾಕೆ ಫ್ಲೋರಿಡಾ? 2000ದ ಚುನಾವಣೇಲಿ ಬುಷ್ ಅಧ್ಯಕ್ಷ ಆಗಿದ್ದೇ ಆ ರಾಜ್ಯದ ಕೆಲವು ನೂರು ಮತಗಳಿಂದ, ಮುಂದಿನ ವರ್ಷ ಮತ್ತೆ ಚುನಾವಣೆ. ಡಿಸೆಂಬರ್ 4ಕ್ಕೆ ಸುಂಕ ರದ್ದು. ಇದು ಕಾನೂನಿನ ಗೆಲುವಾ ಬ್ಲ್ಯಾಕ್‌ಮೇಲಾ ಅಂತ ಕೇಳಿದ್ರೆ ಎರಡೂ, ವ್ಯತ್ಯಾಸ ಏನಂದ್ರೆ ಈ ಬ್ಲ್ಯಾಕ್‌ಮೇಲ್‌ಗೆ ತೀರ್ಪಿನ ಸೀಲು ಇತ್ತು, ಎಷ್ಟು ಹೊಡೀಬಹುದು ಅನ್ನೋದಕ್ಕೆ ಮಿತಿ ಇತ್ತು. ಅಮೆರಿಕಕ್ಕೆ ಇದು ಗಂಟಲಲ್ಲಿ ಸಿಕ್ಕಾಕ್ಕೊಂಡೇ ಇತ್ತು ಅಂತ ಕಾಣುತ್ತೆ, ಮುಂದೆ ಡಬ್ಲ್ಯುಟಿಒದ ಮೇಲ್ಮನವಿ ಪೀಠಕ್ಕೆ ಹೊಸ ಸದಸ್ಯರನ್ನ ನೇಮಿಸೋಕೆ ಬಿಡದೆ 2019ರ ಡಿಸೆಂಬರ್‌ಗೆ ಆ ಪೀಠ ಕೆಲಸ ಮಾಡದ ಹಾಗೆ ಮಾಡಿಟ್ಟಿದೆ.

ಚಾಗೋಸ್ ದ್ವೀಪಗಳ ಕಥೆ ಇನ್ನೂ ನಿಧಾನದ್ದು. ಹಿಂದೂ ಮಹಾಸಾಗರದ ಈ ದ್ವೀಪಗಳನ್ನ ಮಾರಿಷಸ್‌ಗೆ ಸ್ವಾತಂತ್ರ್ಯ ಕೊಡೋ ಮುಂಚೆ 1965ರಲ್ಲಿ ಬ್ರಿಟನ್ ಕಿತ್ತಿಟ್ಕೊಳ್ತು, ಅಲ್ಲಿದ್ದ ಜನರನ್ನೆಲ್ಲ ಎಬ್ಬಿಸಿ ಹೊರಗೆ ಹಾಕಿ ಡಿಯೆಗೊ ಗಾರ್ಸಿಯಾದಲ್ಲಿ ಅಮೆರಿಕಕ್ಕೆ ಸೇನಾ ನೆಲೆ ಮಾಡಿಕೊಡ್ತು. ಮಾರಿಷಸ್‌ಗೆ ಬ್ರಿಟನ್ ಮೇಲೆ ನೇರ ಕೇಸು ಹಾಕೋಕೆ ದಾರಿ ಇರಲಿಲ್ಲ, ಅದಕ್ಕೆ ಸಾಮಾನ್ಯ ಸಭೆ ಮೂಲಕ ಐಸಿಜೆಯ ಸಲಹಾ ಅಭಿಪ್ರಾಯ ಕೇಳಿಸ್ತು. 2019ರಲ್ಲಿ 13ಕ್ಕೆ 1ರಲ್ಲಿ ಕೋರ್ಟು ಬ್ರಿಟನ್ ಅಲ್ಲಿಂದ ಬೇಗ ಹೊರಡಬೇಕು ಅಂತು, ಸಾಮಾನ್ಯ ಸಭೆ 116ಕ್ಕೆ 6 ಮತದಲ್ಲಿ ಆರು ತಿಂಗಳ ಗಡುವು ಕೊಡ್ತು. ಸಲಹೆ ತಾನೇ, ಕಡ್ಡಾಯ ಅಲ್ವಲ್ಲ ಅಂತ ಬ್ರಿಟನ್ ಕೂತಿತ್ತು. ಆಮೇಲೆ ಶುರುವಾಯ್ತು ಸಣ್ಣ ಸಣ್ಣ ಚುಚ್ಚು. ಸಮುದ್ರ ಕಾನೂನಿನ ನ್ಯಾಯಮಂಡಳಿಯ ಒಂದು ಪೀಠ 2021ರಲ್ಲಿ ಈ ದ್ವೀಪ ಮಾರಿಷಸ್‌ದೇ ಅಂತ ಲೆಕ್ಕ ಹಿಡೀತು. ಅದೇ ವರ್ಷ ಆಗಸ್ಟ್‌ನಲ್ಲಿ ವಿಶ್ವ ಅಂಚೆ ಒಕ್ಕೂಟ, 1874ರಿಂದ ಇರೋ ಅಂಚೆಯೋರ ಸಂಸ್ಥೆ, ಆ ದ್ವೀಪಗಳಿಗೆ ಬ್ರಿಟನ್ ಅಚ್ಚು ಹಾಕ್ತಿದ್ದ ಸ್ಟಾಂಪ್‌ಗಳನ್ನ ಇನ್ಮೇಲೆ ಮಾನ್ಯ ಮಾಡಲ್ಲ ಅಂತು. ಅಂಚೆಚೀಟಿಗೆ ಹೆದರಿ ಯಾರೂ ದ್ವೀಪ ಬಿಟ್ಟುಕೊಡಲ್ಲ ಬಿಡಿ, ಆದ್ರೆ ಇಂಥದ್ದೆಲ್ಲ ಸೇರಿ ಸೇರಿ, ನಾಳೆ ಇನ್ನೊಂದು ತೀರ್ಪು ಬಂದು ಸೇನಾ ನೆಲೆಗೇ ಕುತ್ತು ಬಂದ್ರೆ ಅನ್ನೋ ಚಿಂತೆ ಲಂಡನ್‌ಗೆ ಹತ್ತಿತು. 2025ರ ಮೇ 22ಕ್ಕೆ ದ್ವೀಪಗಳ ಮೇಲಿನ ಅಧಿಕಾರ ಮಾರಿಷಸ್‌ಗೆ, ಡಿಯೆಗೊ ಗಾರ್ಸಿಯಾ 99 ವರ್ಷ ಬ್ರಿಟನ್‌ಗೆ ಲೀಸು ಅನ್ನೋ ಒಪ್ಪಂದಕ್ಕೆ ಸಹಿ ಬಿತ್ತು. ಹೊರಗೆ ಹಾಕಿಸ್ಕೊಂಡ ದ್ವೀಪದ ಜನರನ್ನ ಮಾತ್ರ ಈ ಮಾತುಕತೇಲೂ ಸರಿಯಾಗಿ ಕೇಳಲಿಲ್ಲ ಅಂತ ಅವರಲ್ಲಿ ಹಲವರಿಗೆ ಸಿಟ್ಟಿದೆ, ಅದು ನ್ಯಾಯವಾದ ಸಿಟ್ಟೇ.

ಚೀನಾ ಹೀಗೆ ಬಗ್ಗುತ್ತಾ? ದಕ್ಷಿಣ ಚೀನಾ ಸಮುದ್ರದಲ್ಲಿ ಒಂಬತ್ತು ಗೆರೆ ಎಳೆದು ಹೆಚ್ಚು ಕಮ್ಮಿ ಎಲ್ಲ ನಂದು ಅನ್ನೋ ಚೀನಾ ಮೇಲೆ ಫಿಲಿಪೈನ್ಸ್ 2013ರಲ್ಲಿ ಕೇಸು ಹಾಕ್ತು. 1982ರ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ತೀರದಿಂದ 200 ನಾಟಿಕಲ್ ಮೈಲಿ ತನಕ ಮೀನು, ಎಣ್ಣೆ ಇತ್ಯಾದಿ ಹಕ್ಕು ಆ ದೇಶದ್ದು. ಚೀನಾ ವಿಚಾರಣೆಗೇ ಬರಲಿಲ್ಲ, 2016ರ ಜುಲೈ 12ಕ್ಕೆ ಪಂಚಾಯ್ತಿ ಮಂಡಳಿ ಒಂಬತ್ತು ಗೆರೆಗೆ ಕಾನೂನಿನ ಆಧಾರ ಇಲ್ಲ ಅಂತು, ಚೀನಾ ಇದು ಬರೀ ಕಾಗದ ಅಂತ ತಳ್ಳಿಹಾಕ್ತು. ಸ್ಕಾರ್ಬರೋ ದಿಬ್ಬದ ಹತ್ತಿರ ಚೀನಾದ ಹಡಗುಗಳು ಫಿಲಿಪೈನ್ಸ್ ದೋಣಿಗಳ ಮೇಲೆ ನೀರಿನ ಫಿರಂಗಿ ಹಾರಿಸೋದು ಇವತ್ತಿಗೂ ನಡೀತಿದೆ. ಆದ್ರೆ 2019ರ ಕೊನೆಯಿಂದ ವಿಶ್ವಸಂಸ್ಥೆಗೆ ಒಂದಾದ ಮೇಲೊಂದು ಪತ್ರ ಹೋಗ್ತಾ ಇದೆ, ಮೊದಲು ಇಂಡೋನೇಷ್ಯಾ, ವಿಯೆಟ್ನಾಂ, ಆಮೇಲೆ ಆಸ್ಟ್ರೇಲಿಯಾ, ಜಪಾನ್, ಜರ್ಮನಿ, ಫ್ರಾನ್ಸ್, ಎಲ್ಲರೂ ಒಂದಲ್ಲ ಒಂದು ರೀತೀಲಿ ಆ ಗೆರೆಗೆ ಆಧಾರ ಇಲ್ಲ ಅಂತ ಬರೆದಿದ್ದಾರೆ. ಇಷ್ಟು ಜನ ಬರೆದಿಟ್ಟ ಮೇಲೆ ಇದು ಕಾಲಾನುಕಾಲದಿಂದ ಎಲ್ಲರೂ ಒಪ್ಪಿರೋ ವಾಡಿಕೆ ಅಂತ ಚೀನಾ ಮುಂದೆಂದೂ ಹೇಳೋ ಹಾಗಿಲ್ಲ. ಚೀನಾಗೆ ಪಾಠ ಹೇಳೋದ್ರಲ್ಲಿ ಮುಂದಿರೋ ಅಮೆರಿಕ ಆ 1982ರ ಒಪ್ಪಂದಕ್ಕೆ ಇನ್ನೂ ಸೇರಿಲ್ಲ ಅನ್ನೋದು ಬೇರೆ ಮಾತು.

ಇಬ್ಬಗೆ ನೀತಿ ಎದ್ದು ಕಾಣೋದು ಐಸಿಸಿ ವಿಷಯದಲ್ಲಿ. 2023ರ ಮಾರ್ಚ್‌ನಲ್ಲಿ ಉಕ್ರೇನ್ ಮಕ್ಕಳನ್ನ ಸಾಗಿಸಿದ ಆರೋಪದ ಮೇಲೆ ಪುಟಿನ್‌ಗೆ ವಾರಂಟ್ ಬಂತು, ಅದು ಸರಿಯಾಗಿದೆ ಅಂದಿದ್ದು ಅಮೆರಿಕ. 2024ರ ನವೆಂಬರ್‌ನಲ್ಲಿ ಗಾಜಾ ವಿಷಯವಾಗಿ ಇಸ್ರೇಲ್ ಪ್ರಧಾನಿ ನೆತನ್ಯಾಹುಗೆ ವಾರಂಟ್ ಬಂತು, ಮುಂದಿನ ಫೆಬ್ರವರೀಲಿ ಕೋರ್ಟಿನೋರ ಮೇಲೇ ನಿರ್ಬಂಧ ಹಾಕಿದ್ದೂ ಅಮೆರಿಕ. ವಾರಂಟ್ ಇಂದ ಏನಾದ್ರೂ ಆಯ್ತಾ ಅಂದ್ರೆ, 2023ರ ಆಗಸ್ಟ್‌ನಲ್ಲಿ ಜೋಹಾನ್ಸ್‌ಬರ್ಗ್‌ನ ಬ್ರಿಕ್ಸ್ ಶೃಂಗಸಭೆಗೆ ಪುಟಿನ್ ಹೋಗ್ಲಿಲ್ಲ, ದಕ್ಷಿಣ ಆಫ್ರಿಕಾ ಐಸಿಸಿ ಸದಸ್ಯ ಆಗಿರೋದ್ರಿಂದ ವೀಡಿಯೋದಲ್ಲೇ ಮಾತಾಡಿದ್ರು. ಮುಂದಿನ ವರ್ಷ ಸೆಪ್ಟೆಂಬರ್‌ನಲ್ಲಿ ಮಂಗೋಲಿಯಾಗೆ ಹೋದ್ರು, ಅದೂ ಸದಸ್ಯ ದೇಶನೇ, ಕೆಂಪು ಹಾಸು ಹಾಸಿ ಬರಮಾಡ್ಕೊಂಡ್ರು. ರಷ್ಯಾ ಚೀನಾ ಮಧ್ಯೆ ಸಿಕ್ಕಾಕ್ಕೊಂಡಿರೋ ಮಂಗೋಲಿಯಾ ಇನ್ನೇನು ಮಾಡಕ್ಕಾಗ್ತಿತ್ತು ಅಂತ ನನಗೂ ಅನ್ಸುತ್ತೆ, ಐಸಿಸಿ ಮಾತ್ರ ನೀನು ಕರ್ತವ್ಯ ತಪ್ಪಿದ್ದೀಯ ಅಂತ ಅಕ್ಟೋಬರ್‌ನಲ್ಲಿ ಬರೆದು ಹಾಕ್ತು.

ಇದನ್ನೆಲ್ಲ ನೋಡಿದ ಮೇಲೆ ನನಗೆ ನೆಪ ಹೇಳೋರಿಗಿಂತ ನೆಪ ಹೇಳೋಕೂ ಬೇಜಾರು ಮಾಡ್ಕೊಳ್ಳೋರ ಮೇಲೆ ಭಯ ಜಾಸ್ತಿ. ಸುಳ್ಳು ನೆಪವನ್ನ ಕೋರ್ಟಿಗೆ ಎಳೀಬಹುದು, ಉಕ್ರೇನ್ ಮಾಡಿದ ಹಾಗೆ, ತಾರೀಖು ಸಮೇತ ವಾಪಸ್ ಓದಿ ಮುಜುಗರ ಮಾಡಬಹುದು. ಕಾರಣನೇ ಕೊಡದೋನನ್ನ ಎಲ್ಲಿ ಹಿಡಿಯೋದು? 2025ರ ಜನವರಿ 7ಕ್ಕೆ, ಅಧಿಕಾರಕ್ಕೆ ಬರೋಕೆ ಎರಡು ವಾರ ಮುಂಚೆ, ಗ್ರೀನ್‌ಲ್ಯಾಂಡ್ ಮತ್ತು ಪನಾಮಾ ಕಾಲುವೆ ಪಡೆಯೋಕೆ ಸೇನೆ ಅಥವಾ ಆರ್ಥಿಕ ಒತ್ತಡ ಬಳಸಲ್ಲ ಅಂತ ಮಾತು ಕೊಡ್ತೀರಾ ಅಂತ ಪತ್ರಕರ್ತರು ಕೇಳಿದಾಗ ಟ್ರಂಪ್ ಕೊಡಲ್ಲ ಅಂದ್ರು. ಕೊಟ್ಟ ಕಾರಣ ಅಮೆರಿಕದ ಆರ್ಥಿಕ ಭದ್ರತೆಗೆ ಅವು ಬೇಕು ಅನ್ನೋದು. ಯಾರೋ ದಾಳಿ ಮಾಡಿದ್ದಾರೆ ಅಂತಿಲ್ಲ, 51ರ ಹೆಸರಿಲ್ಲ, ಹಳೇ ನಿರ್ಣಯ ಹುಡುಕೋ ಗೋಜಿಲ್ಲ. ಆರ್ಟಿಕಲ್ 2ರ ನಾಲ್ಕನೇ ಖಂಡ ಬೆದರಿಕೆಯನ್ನೂ ನಿಷೇಧಿಸುತ್ತೆ ಅಂತ ಮೇಲೆ ಹೇಳಿದೆನಲ್ಲ. ಮಾರನೇ ದಿನ ಜರ್ಮನಿಯ ಚಾನ್ಸಲರ್ ಓಲಾಫ್ ಶೋಲ್ಜ್ ಪತ್ರಕರ್ತರ ಮುಂದೆ ಬಂದು, ಗಡಿಗಳನ್ನ ಬಲದಿಂದ ಬದಲಾಯಿಸಬಾರದು ಅನ್ನೋ ತತ್ವ ಎಲ್ಲ ದೇಶಕ್ಕೂ ಅನ್ವಯ ಆಗುತ್ತೆ, ಆ ದೇಶ ನಮ್ಮ ಪೂರ್ವಕ್ಕಿರಲಿ ಪಶ್ಚಿಮಕ್ಕಿರಲಿ ಅಂದ್ರು. ಪೂರ್ವ ಅಂದ್ರೆ ರಷ್ಯಾ ಅಂತ ಮೂರು ವರ್ಷದಿಂದ ಹೇಳ್ತಿದ್ದ ವಾಕ್ಯಕ್ಕೆ ಅವತ್ತು ಪಶ್ಚಿಮವನ್ನೂ ಸೇರಿಸ್ಬೇಕಾಗಿ ಬಂತು.